ಕಿಟಕಿ ಪಕ್ಕದ ಬ್ಯಾಲೆನ್ಸ್

೧೯೬೦ರ ಆಸುಪಾಸಿನಲ್ಲಿ ಹಾಸನದ ನಮ್ಮ ಕಾಲೇಜಿನಲ್ಲಿ ಹುಡುಗಿಯರು ಮೇಷ್ಟ್ರ ಹಿಂದೆಯೇ ಒಳಗೆ ಹೋಗಬೇಕು, ಅವರ ಹಿಂದೆಯೇ ಹೊರಗೆ ಬರಬೇಕು. ಬಿ.ಎಸ್ಸಿ.ಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಕೆಮಿಸ್ಟ್ರಿ ಲ್ಯಾಬಿಗೆ ನಾನು ಕಾಲಿಡುವಷ್ಟರಲ್ಲಿ ಹುಡುಗರು ತೂಕ ಮಾಡುವ ಒಳ್ಳೆಯ ಬ್ಯಾಲೆನ್ಸುಗಳನ್ನೆಲ್ಲ ಹಿಡಿದಿರುತ್ತಿದ್ದರು. ನನಗೆ ಉಳಿಯುತ್ತಿದ್ದುದು ಮೂಲೆಯದು. ಅದರ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು. ಅದು ಅಲ್ಲಾಡಲು ಬ್ಯಾಲೆನ್ಸಿನ ಗಾಜಿನ ಪೆಟ್ಟಿಗೆಯನ್ನು ಬೆರಳಿಂದ ತಟ್ಟಬೇಕು.

“ಅವಲಕ್ಕಿ ತೂಗ್ತಿದ್ದೀಯೇನಮ್ಮ ಗೋದಾ?” ಎಂದು ಮೇಷ್ಟ್ರು ನಗುತ್ತಿದ್ದರು.

ಒಂದು ಸೋಮವಾರ ನೋಡಿದರೆ ಕಿಟಕಿ ಪಕ್ಕದ ಒಳ್ಳೆಯ ಬ್ಯಾಲೆನ್ಸ್ ಖಾಲಿ! ಮೂಲೆಯಲ್ಲಿ ನಮ್ಮ ಕ್ಲಾಸಿನ ಹೊಳೆನರಸೀಪುರದ ಯೋಗಾನರಸಿಂಹ ನಿಂತು, ಥೇಟ್ ನನ್ನ ಹಾಗೆಯೇ ಗಾಜು ತಟ್ಟುತ್ತಿದ್ದರು. ನನ್ನತ್ತ ನೋಡಿ ಕಣ್ಣಲ್ಲೇ ನಕ್ಕರು. ಅಣಕಿಸುತ್ತಿದ್ದಾರೆ ಎಂದುಕೊಂಡೆ. ವರ್ಷವಿಡೀ ಇದೇ ಆಟ. ಸಿಟ್ಟೇನೋ ಬರುತ್ತಿತ್ತು, ಆದರೆ ಆ ಕಣ್ಣುಗಳು ಮನೆಯವರೆಗೂ ನನ್ನ ಜೊತೆ ಬರುತ್ತಿದ್ದವು.

ನನಗೆ ಫಸ್ಟ್ ಕ್ಲಾಸ್ ಬಂತು. ಮೈಸೂರಿನಲ್ಲಿ ಎಂ.ಎಸ್ಸಿ. ಸೀಟೂ ಸಿಕ್ಕಿತು. ಅಷ್ಟರಲ್ಲಿ ಅರಕಲಗೂಡಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು, ಹೈಸ್ಕೂಲ್ ಮೇಷ್ಟ್ರಾಗಿ ಸೇರಿದ್ದ ಅದೇ ಯೋಗಾನರಸಿಂಹ!

“ಓದಿದ್ದು ಸಾಕು ಬಿಡಮ್ಮ, ಇನ್ನು ಮೈಸೂರು ಯಾಕೆ?” ಎಂದರು ಅವರ ತಾಯಿ ಶ್ರೀರಂಗಮ್ಮ.

ಹಿತ್ತಿಲಲ್ಲಿ ಯೋಗಾನರಸಿಂಹರಿಗೆ ಕೈ ತೊಳೆಯಲು ನೀರು ಕೊಡುವಾಗ ಕೇಳಿಯೇಬಿಟ್ಟೆ. “ಲ್ಯಾಬಲ್ಲಿ ನನ್ನನ್ನ ಅಣಕಿಸ್ತಿದ್ರಲ್ಲ?”

“ಅಯ್ಯೋ, ಇಲ್ಲ ಕಣ್ರೀ! ಎಲ್ಲರಿಗಿಂತ ಮೊದಲು ಓಡಿಬಂದು ಕಿಟಕಿ ಪಕ್ಕದ್ದನ್ನ ಹಿಡೀತಿದ್ದೆ. ನೀವು ಬಾಗಿಲಿಗೆ ಬಂದ್ಕೂಡ್ಲೇ ಮೂಲೆಗೆ ಹೋಗ್ತಿದ್ದೆ. ತಟ್ಟದೆ ಇದ್ರೆ ಆ ಮುಳ್ಳು ಅಲ್ಲಾಡುತ್ಯೇ?”

“ನಿಮ್ಮ ಪ್ರಾಕ್ಟಿಕಲ್ಸು?”

“ಹಾಗೂ ಹೀಗೂ ಪಾಸು. ನಾನೂ ಅವಲಕ್ಕಿ ತೂಗಿದೆ.”

ನಗು ತಡೆದುಕೊಂಡೆ. “ನಾನು ಮೈಸೂರು ಬಿಡಲ್ಲ.”

“ಬಿಡ್ಬೇಡಿ. ಹಟ ಮಾಡಿ ಅಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದವನು ನಾನು. ಇನ್ನೊಂದು ಹಟ ಮಾಡ್ತೀನಿ.”

ಒಳಗೆ ಹೋಗಿ ಹೇಳಿಯೂಬಿಟ್ಟರು. “ಅಮ್ಮ, ಇವರು ಓದು ಮುಗಿಸ್ಲಿ. ನಾನು ಕಾಯ್ತೀನಿ.”

“ಎರಡು ವರ್ಷ ಕಾಯ್ತೀಯೇನೋ?”

“ಇವರಿಗೆ ಜಾಗ ಹಿಡಿದು ಕಾಯೋದು ನಂಗೆ ಅಭ್ಯಾಸ.”

ಬಾಗಿಲ ಹಿಂದಿದ್ದ ನನ್ನ ಕಿವಿ ಬಿಸಿಯಾಯಿತು.

ಹೇಳಿದಂತೆ ಕಾದರು. ಮದುವೆಯಾದ ಮೇಲೆ ಅದೇ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ದಿನ ಲ್ಯಾಬಿನವರೆಗೂ ಜೊತೆಗೆ ಬಂದರು. ನಾನು ಹಳೆಯ ಅಭ್ಯಾಸದಲ್ಲಿ ಬಾಗಿಲ ಪಕ್ಕ ತಲೆ ತಗ್ಗಿಸಿ ನಿಂತೆ.

“ಯಾರಿಗೆ ಕಾಯ್ತಿದ್ದೀಯೆ?” ಎಂದು ಮೆಲ್ಲಗೆ ಕೇಳಿದರು. “ಮೇಷ್ಟ್ರು ನೀನೇ ಕಣೆ!”

ತಿರುಗಿ ನೋಡಿದೆ. ನನ್ನ ಹಿಂದೆ ಇಬ್ಬರು ಹುಡುಗಿಯರು, ನಾನು ಒಳಗೆ ಹೋಗಲೆಂದು ಕಾಯುತ್ತಿದ್ದರು.

ಪಕ್ಕಕ್ಕೆ ಸರಿದೆ. “ನೀವು ಮೊದಲು ಹೋಗ್ರಮ್ಮ. ಕಿಟಕಿ ಪಕ್ಕದ್ದು ಚೆನ್ನಾಗಿದೆ.”