ಬ್ಲಾಕ್ ಭಿಶಿ

“ನಿಂದಿನ್ನೂ ಒಂದು ಐತಿ. ಪೂರಾ ಹಾಕಲೇ,” ಎನ್ನುತ್ತಾ ರಾಜಶ್ರೀ ರಾಹುಲನ ಬೆರಳು ಬಿಡಿಸಿದಳು. ಅವನ ಅಂಗೈಯಲ್ಲಿ ಅಡಗಿದ್ದ ಹಳದಿ ಬ್ಲಾಕು ಅಂಜನಾಳ ಮುಂದಿದ್ದ ರಾಶಿಗೆ ಬಿತ್ತು.

ಬನಹಟ್ಟಿಯ ಆ ಶಾಲೆಗೆ ಯಾರೋ ಪುಣ್ಯಾತ್ಮರು ಒಂದು ಡಬ್ಬಿ ಪ್ಲಾಸ್ಟಿಕ್ ಬ್ಲಾಕ್ಸ್ ಕೊಟ್ಟಿದ್ದರು. ಒಂದೇ ಡಬ್ಬಿ. ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ಓಣಿಗೆ ಬರತೊಡಗಿದ ಮೇಲೆ ಇಲ್ಲಿ ಐದನೇ ತರಗತಿಯಲ್ಲಿ ಉಳಿದವರು ಏಳೇ ಮಂದಿ. ಅವರ ಪರಮಾನಂದ ಸರ್ ಡಬ್ಬಿಯನ್ನು ಕಪಾಟಿನಲ್ಲಿ ಕೀಲಿ ಹಾಕಿಟ್ಟು, ಶನಿವಾರದ ಕೊನೆಯ ಪಿರಿಯಡ್ಡಿಗೆ ಮಾತ್ರ ತೆಗೆಯುತ್ತಿದ್ದರು. ತಲೆಗೆ ಎರಡು ಮುಷ್ಟಿ. ಎರಡು ಮುಷ್ಟಿಯಲ್ಲಿ ಏನು ಕಟ್ಟುತ್ತೀರಿ? ಮನೆ ಅಂತ ಶುರು ಮಾಡಿದ್ದು ಬಚ್ಚಲಾಗಿ ಮುಗಿಯುತ್ತಿತ್ತು.

ಅದಕ್ಕೇ ರಾಜಶ್ರೀ ಭಿಶಿ ಹುಟ್ಟುಹಾಕಿದಳು. ಓಣಿಯ ಹೆಂಗಸರು ತಿಂಗಳಿಗೊಮ್ಮೆ ಸೇರಿ, ಎಲ್ಲರೂ ಅಷ್ಟಷ್ಟು ಹಾಕಿ, ಚೀಟಿ ಎತ್ತಿ, ಹೆಸರು ಬಂದವರಿಗೆ ಇಡೀ ಗಂಟು ಕೊಡುತ್ತಾರಲ್ಲ, ಅದೇ ಭಿಶಿ. ಇಲ್ಲಿ ರೊಕ್ಕದ ಬದಲು ಬ್ಲಾಕು. ಪ್ರತಿ ಶನಿವಾರ ಏಳೂ ಜನರ ಮುಷ್ಟಿ ಒಬ್ಬರಿಗೆ. ಮೊದಲ ಚೀಟಿ ಅಂಜನಾಳ ಹೆಸರಿಗೆ ಬಂತು, ಎರಡನೆಯದು ರಾಜಶ್ರೀಗೆ. ಮೊದಲು ಎತ್ತಿದವಳು ಕೊನೆಯವರೆಗೂ ಹಾಕಬೇಕು, ನಡುವೆ ಕೈಕೊಡಬಾರದು ಎಂದು ಅಂಜನಾಳ ಅವ್ವ ಯಾವಾಗಲೂ ಹೇಳುತ್ತಿದ್ದಳು. ಅಂಜನಾ ಅದನ್ನೇ ಹೇಳಿ ಎಲ್ಲರ ಮುಂದೆ ಆಣೆ ಮಾಡಿದ್ದಳು.

ಅವಳು ಕಟ್ಟಿದ್ದು ಅಜ್ಜಿ ಹಾಲವ್ವನ ಮಗ್ಗದ ಕೋಣೆ. ನೆಲವನ್ನು ಎರಡು ಸಾಲು ಎತ್ತರಿಸಿ, ನಡುವೆ ನೇಯುವವರು ಕಾಲಿಡುವ ಗುಂಡಿ, ಅಂದರೆ ಕುಣಿ, ಬಿಟ್ಟಳು. ಅದರ ಮೇಲೆ ಕೆಂಪು ಮಗ್ಗ. ಮಗ್ಗದ ಮುಂದೆ ಒಂದು ಬಿಳಿ ಬ್ಲಾಕು, ಅದು ಅಜ್ಜಿ. ಕಿಟಕಿಯಲ್ಲಿ ರಾಹುಲನ ಹಳದಿ ಬ್ಲಾಕು, ಅದು ಅಜ್ಜಿಯ ಚಹಾದ ಕಪ್ಪು. ಅಜ್ಜಿ ಚಹಾ ಕೇಳಿ ಇಸಿದುಕೊಂಡು, ಕುಡಿಯಲು ಮರೆತು, ಆಮೇಲೆ ತಣ್ಣಗಾಯಿತೆಂದು ಸೊಸೆಯನ್ನು ಬೈಯುವುದು ಇಡೀ ಓಣಿಗೆ ಗೊತ್ತು. ಕಪ್ಪು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಗಂಟೆ ಬಾರಿಸುವ ಹೊತ್ತಾಯಿತು. ರಾಜಶ್ರೀ ಖಾಲಿ ಡಬ್ಬಿ ಹಿಡಿದು ಬಂದಳು. ಬಿಚ್ಚೋಣ, ಮುಂದಿನ ವಾರ ನನ್ನ ಮುಧೋಳ ಬಸ್‌ಸ್ಟ್ಯಾಂಡು ಅಂದಳು. ಅವಳ ಅಪ್ಪ ಅಲ್ಲಿ ಕಂಡಕ್ಟರ್. ಎರಡು ಬಸ್ಸು, ಒಂದು ಉದ್ದ ಕಾಲಿನ ಮುಧೋಳ ನಾಯಿ, ಸೀಟಿ ಊದುವ ಅಪ್ಪ, ಎಲ್ಲವನ್ನೂ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಳು.

ಅಷ್ಟರಲ್ಲಿ ಸರ್ ಬಂದರು. ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಮಂಗಳವಾರ ಜಮಖಂಡಿಯಿಂದ ಸಾಹೇಬರು ಶಾಲೆ ನೋಡಲು ಬರುವವರಿದ್ದರು.

“ಇದನ್ನ ಬಿಚ್ಚೂದು ಪಾಪ ಆಕ್ಕೈತಿ,” ಅಂದರು ಸರ್. “ಹಿಂಗ ಇಡೂನೇನವಾ, ಅಂಜನಾ?”

ರಾಜಶ್ರೀ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅಂಜನಾ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಬೇಡ ಅನ್ನಬೇಕಾಗುತ್ತಿತ್ತು.

“ಇಡೂನ್ರಿ ಸರ್.”

ಮನೆಗೆ ಹೋಗುವಾಗ, ಸಾಹೇಬರು ಹೋದ ಕೂಡಲೇ ಬಿಚ್ಚಿ ಕೊಡುತ್ತೇನೆ ಎಂದು ಅಂಜನಾ ತಾನಾಗಿಯೇ ಹೇಳಿದಳು. ರಾಜಶ್ರೀ ಹೂಂ ಅಂದಳು. ನಂಬಿದಳು.

ಸೋಮವಾರ ನೋಡಿದರೆ ಮಗ್ಗದ ಕೋಣೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಚಹಾದ ಕಪ್ಪು ಸ್ವಲ್ಪ ಸೊಟ್ಟಗಿತ್ತು. ಸರಿ ಮಾಡಲು ಅಂಜನಾ ಪೆಟ್ಟಿಗೆ ತೆರೆದು ಕೈ ಹಾಕಿದಳು. ಕಪ್ಪು ಅಲ್ಲಾಡಲಿಲ್ಲ. ಗೋಡೆ ಮುಟ್ಟಿದಳು, ಅದೂ ಅಲ್ಲಾಡಲಿಲ್ಲ.

“ನಿನ್ನೆ ಇಡೀ ದಿನಾ ಕುಂತು ಫೆವಿಕ್ವಿಕ್ ಹಚ್ಚೇನಿ,” ಅಂದರು ಸರ್, ಬೆರಳಿಗೆ ಅಂಟಿದ್ದ ಬಿಳಿ ಪೊರೆಯನ್ನು ಕೀಳುತ್ತಾ. “ಇನ್ನ ನೂರು ವರ್ಷ ಏನೂ ಆಗೂದಿಲ್ಲ.”

ಪಾಪ, ಅವರು ಅದನ್ನು ಪ್ರೀತಿಯಿಂದಲೇ ಮಾಡಿದ್ದರು. ಅಂಜನಾ ಪೆಟ್ಟಿಗೆ ಮುಚ್ಚಿದಳು. ಯಾರಿಗೂ ಹೇಳಲಿಲ್ಲ. ಮಂಗಳವಾರ ಸಾಹೇಬರು ಬಂದು ಅವಳ ಬೆನ್ನು ತಟ್ಟಿದರು. ಆಗಲೂ ಹೇಳಲಿಲ್ಲ. ಶನಿವಾರ ಬರದೇ ಇರಲಿ ಎಂದು ದೇವರನ್ನು ಬೇಡಿಕೊಂಡಳು. ಶನಿವಾರ ಬಂದೇ ಬಂತು.

ಸರ್ ಡಬ್ಬಿ ತೆಗೆದು ಸುರಿದರು. ಏಳೆಂಟು ಗಾಲಿ, ಎರಡು ಬಾಗಿಲು, ಒಂದಿಷ್ಟು ಚೂರುಪಾರು. ಒಬ್ಬೊಬ್ಬರಿಗೆ ಮೂರು ಬಂದವು. ಭಿಶಿಯ ಪ್ರಕಾರ ಉಳಿದವರು ತಮ್ಮ ತಮ್ಮ ಮೂರನ್ನು ರಾಜಶ್ರೀಯ ಮುಂದಿಟ್ಟರು; ಅಂಜನಾಳ ಮೂರು ಇನ್ನೂ ಅವಳ ಕೈಯಲ್ಲೇ ಇದ್ದವು. ಅಷ್ಟೂ ಸೇರಿ ಅವಳ ಬಸ್‌ಸ್ಟ್ಯಾಂಡಿನ ಹಾಳೆಯ ಒಂದು ಮೂಲೆ ತುಂಬಲಿಲ್ಲ.

“ಉಳಿದುವನ್ನ ಇನ್ನೂ ಯಾಕ ಬಿಚ್ಚಿಲ್ಲ?” ಎಂದು ರಾಜಶ್ರೀ ಕೇಳಿದಳು.

ಅಂಜನಾ ಗಾಜಿನ ಪೆಟ್ಟಿಗೆ ತೋರಿಸಿದಳು. ಅಂಟಿನ ವಿಷಯ ಹೇಳಿದಳು. ಸೋಮವಾರವೇ ಗೊತ್ತಿತ್ತು ಅನ್ನುವುದನ್ನೂ ಹೇಳಿದಳು.

“ಭಿಶಿ ಎತ್ತಿ ಓಡಿಹೋದಾಕಿ,” ಅಂದ ರಾಹುಲ. ಯಾರೂ ನಗಲಿಲ್ಲ. ಓಣಿಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ.

ಅಂಜನಾ ತನ್ನ ಮೂರು ಬ್ಲಾಕುಗಳನ್ನು ರಾಜಶ್ರೀಯ ಮುಂದೆ ಸರಿಸಿದಳು. ರಾಜಶ್ರೀ ಒಂದು ಗಾಲಿಯನ್ನು ಬೆಂಚಿನ ಮೇಲೆ ಆ ಕಡೆ ಈ ಕಡೆ ಉರುಳಿಸುತ್ತಾ ಕೂತಿದ್ದಳು. ತಲೆ ಎತ್ತದೆ ಆ ಮೂರನ್ನೂ ವಾಪಸ್ ತಳ್ಳಿದಳು.

“ನಿಂದು ನಿನ್ನ ಕಡೇನ ಇರ್ಲಿ.”

ಪಾಲು ಬೇಡ ಅಂದರೆ ಗುಂಪಿನಿಂದಲೇ ಹೊರಗೆ ಎಂದು ಭಿಶಿಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂಜನಾ ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ ನಿಂತಳು. ಕುಣಿಯ ಸುತ್ತ ಇರುವ ನೀಲಿ ಬ್ಲಾಕುಗಳು ರಾಜಶ್ರೀಯ ಮುಷ್ಟಿಯವು. ಚಹಾದ ಕಪ್ಪು ರಾಹುಲನದು. ಯಾವುದು ಯಾರ ಕೈಯಿಂದ ಬಂದದ್ದು ಎಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಗಾಜಿನ ಮೇಲೆ ಸರ್ ಅಂಟಿಸಿದ್ದ ಚೀಟಿಯಲ್ಲಿ ಮಾತ್ರ ಒಂದೇ ಹೆಸರಿತ್ತು. ಕುಮಾರಿ ಅಂಜನಾ, ಐದನೇ ತರಗತಿ.

ಸರ್ ಹಿಂದಿನಿಂದ ಬಂದು, ಮುಂದೆ ಏನು ಕಟ್ಟುತ್ತೀ ಎಂದು ಖುಷಿಯಿಂದ ಕೇಳಿದರು.

“ನಂದು ಮುಗೀತ್ರಿ ಸರ್. ಈಗ ರಾಜಶ್ರೀ ಪಾಳಿ.”

“ಛಲೋ ಆತು. ಕಟ್ಟವಾ ರಾಜಶ್ರೀ,” ಅಂದರು ಸರ್.

ರಾಜಶ್ರೀ ಗಾಲಿಗಳನ್ನೆಲ್ಲ ಬಳಿದು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಸರ್ ಕೈಗೆ ಕೊಟ್ಟಳು. ಗಂಟೆ ಬಾರಿಸಲು ಇನ್ನೂ ಅರ್ಧ ಪಿರಿಯಡ್ ಬಾಕಿಯಿತ್ತು.