ಪದ್ಮಲೆ ತಂದ ಕೊನೆಯ ಹಾಳೆ

ಬಹಳ ಹಿಂದೆ, ಕುದುರೆಗಳು ಇನ್ನೂ ಮಾತು ಮರೆಯದ ಕಾಲದಲ್ಲಿ, ಕಂಚುವಳ್ಳಿ ಎಂಬ ರಾಜ್ಯವಿತ್ತು. ಅಲ್ಲಿ ಒಂದು ಕಟ್ಟುಪಾಡು. ಕತೆ ಕೇಳಲು ಕೂತವರು ಅದು ಮುಗಿಯುವವರೆಗೆ ಏಳುವಂತಿಲ್ಲ. ಏಳುತ್ತೇನೆಂದರೂ ಮಂಡಿಗಳು ಬಿಡುತ್ತಿರಲಿಲ್ಲ. ಕತೆ ಅರ್ಧಕ್ಕೆ ನಿಂತರೆ ಕೂತವರು ಹೊತ್ತು ಮುಳುಗುವಷ್ಟರಲ್ಲಿ ಮರವಾಗುತ್ತಿದ್ದರು. ಓದಿ ಹೇಳುವವರಿಗೆ ಮಾತ್ರ ಈ ಕಟ್ಟಿಲ್ಲ.

ಆ ಊರಿನ ಕುಂಬಾರನ ಮಗಳು ಪದ್ಮಲೆಗೆ ಹಳೆಯ ಮಾಯಾಪುಸ್ತಕಗಳೆಂದರೆ ಹುಚ್ಚು. ಮಾತಾಡುವ ಹುಲಿ, ಹಾರುವ ಕಬ್ಬಿಣದ ಹಕ್ಕಿ, ಚಂದ್ರನ ಮೇಲಿನ ಊರು, ಇವಿದ್ದರೆ ಅವಳಿಗೆ ಅನ್ನವೂ ಬೇಡ. "ಇವಳನ್ನ ಕಟ್ಕೊಂಡೋನು ಗಂಜಿಗೆ ಗತಿಯಿಲ್ದೆ ಪುಸ್ತಕದ ರಟ್ಟು ತಿನ್ಬೇಕು" ಎಂದು ಅವ್ವ ಗೊಣಗುತ್ತಿದ್ದಳು.

ಒಂದು ಬೆಳಗ್ಗೆ ಅರಮನೆಯ ಅಂಗಳದಲ್ಲಿ ಆಸ್ಥಾನದ ಓದುಗ ಬಮ್ಮಯ್ಯ ಹೊಸ ಕತೆ ಓದಿದ. ತಾಮ್ರದ ಹಂಡೆಯಲ್ಲಿ ಕೂತು ಚಂದ್ರನಿಗೆ ಹಾರಿದ ರಾಜಕುಮಾರನ ಕತೆ. ರಾಣಿಯಿಂದ ಹಿಡಿದು ಪದ್ಮಲೆಯ ತಂಗಿ ಬಾಚಲೆಯವರೆಗೆ ಊರಿಗೆ ಊರೇ ಕೂತಿತ್ತು. ಪದ್ಮಲೆ ಮಾತ್ರ ಮನೆಯ ಅಟ್ಟದಲ್ಲಿ ಬೇರೊಂದು ಪುಸ್ತಕದಲ್ಲಿ ಮುಳುಗಿದ್ದಳು. ಕತೆಯಲ್ಲಿ ಚಂದ್ರನ ಮೇಲೆ ಹಂಡೆ ಒಡೆಯಿತು. ರಾಜಕುಮಾರ ಇನ್ನು ಹೇಗೆ ಬರುತ್ತಾನೆ? ಬಮ್ಮಯ್ಯ ಹಾಳೆ ತಿರುಗಿಸಿದ. ಕೊನೆಯ ಹಾಳೆ ಇರಲಿಲ್ಲ. ರಾಜ್ಯ ನುಂಗಲು ಹೊಂಚುಹಾಕಿದ್ದ ಮಸಿಗಣ್ಣನೆಂಬ ಮಾಂತ್ರಿಕ ಅದನ್ನು ಕದ್ದಿದ್ದ.

"ರಾಜಕುಮಾರ ಹೇಗೋ ವಾಪಸ್ ಬಂದ. ಎಲ್ರೂ ಸುಖವಾಗಿದ್ರು" ಎಂದ ಬಮ್ಮಯ್ಯ, ಬೆವರೊರೆಸಿಕೊಳ್ಳುತ್ತ. ಮಂಡಿಗಳು ಒಪ್ಪಲಿಲ್ಲ. 'ಹೇಗೋ' ಅಂದರೆ ಯಾವ ಮಂಡಿ ತಾನೇ ಒಪ್ಪೀತು? ಮಧ್ಯಾಹ್ನದ ಹೊತ್ತಿಗೆ ಕೂತವರ ಕಾಲುಗಳು ಬೇರು ಬಿಡತೊಡಗಿದವು.

ಬಮ್ಮಯ್ಯ ಮುಟ್ಟಿಸಿದ ಸುದ್ದಿ ಕೇಳಿ ಪದ್ಮಲೆ ಓಡಿಬಂದಾಗ ಬಾಚಲೆಯ ಹಿಮ್ಮಡಿ ಮಣ್ಣಿಗಿಳಿದಿತ್ತು. "ಅಕ್ಕಾ, ನಂಗೆ ಬಾಯಾರಿಕೇನೇ ಆಗ್ತಿಲ್ಲ. ಕಾಲೇ ನೀರು ಕುಡೀತಿದೆ" ಎಂದಳು ಹುಡುಗಿ. ಹೊತ್ತು ಮುಳುಗಿದರೆ ತಂಗಿ ಮರವಾಗುತ್ತಾಳೆ. "ಅಷ್ಟರೊಳಗೆ ಹಾಳೆ ತರ್ತೀನಿ" ಎಂದು ಮಸಿಗಣ್ಣನ ಬೆಟ್ಟದ ಕಡೆ ಓಡಿದಳು. ಭಯವಾಗಿತ್ತು, ಹೌದು. ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯೂ ಆಗಿತ್ತು. ಇಷ್ಟು ವರ್ಷ ಓದಿದ ದಾರಿಯಲ್ಲಿ ಈಗ ಅವಳೇ ಓಡುತ್ತಿದ್ದಳು.

ಬೆಟ್ಟದ ಬಾಗಿಲಲ್ಲಿ ಬೆಂಕಿಹುಲಿ ಕೂತಿತ್ತು. ಪುಸ್ತಕಗಳಲ್ಲಿ ವೀರರು ಇಂಥ ಹುಲಿಯ ಮೇಲೆ ಕತ್ತಿ ಬೀಸಿದಾಗಲೆಲ್ಲ ಪದ್ಮಲೆ ಹುಲಿಯ ಪರ. "ಊಟ ಆಯ್ತಾ?" ಎಂದು ಕೇಳಿದಳು. ಹುಲಿ ತಬ್ಬಿಬ್ಬಾಯಿತು. "ಇಲ್ಲೀತನಕ ಯಾರೂ ಕೇಳಿರ್ಲಿಲ್ಲ" ಎಂದಿತು. ಅವಳ ಮಡಿಲಲ್ಲಿದ್ದ ರೊಟ್ಟಿ ತಿಂದು ಪಕ್ಕಕ್ಕೆ ಸರಿಯಿತು.

ಮುಂದೆ ತಳ ಕಾಣದ ಕಣಿವೆ. ಅಂಚಿನಲ್ಲಿ ಕಬ್ಬಿಣದ ಹಕ್ಕಿ, ಅದರ ಕೊರಳಲ್ಲೊಂದು ಹಿಡಿಕೆ. 'ಎಳೆದರೆ ಸತ್ತೆ' ಎಂದು ಬರೆದಿತ್ತು. ಇಂಥ ಹಿಡಿಕೆಯ ಮುಂದೆ ಮೀನಮೇಷ ಎಣಿಸುವ ನಾಯಕರನ್ನು ಓದಿದರೆ ಪದ್ಮಲೆಗೆ ಮೈಯುರಿಯುತ್ತಿತ್ತು. "ಎಳಿಯೋ ಹೇಡಿ" ಎಂದು ಅಟ್ಟದಲ್ಲಿ ಕೂಗಿದವಳು ಈಗ ಎಳೆಯದಿದ್ದರೆ ಹೇಗೆ? ಬೆನ್ನೇರಿ ಹಿಡಿಕೆ ಎಳೆದಳು. ಹಕ್ಕಿ ಕಲ್ಲಿನಂತೆ ಕೆಳಗೆ ಬಿತ್ತು. ಆಮೇಲೆ ರೆಕ್ಕೆ ಬಿಚ್ಚಿ ಮೋಡದ ಮೇಲೇರಿತು. ಪದ್ಮಲೆ ಕಿರುಚಿದಳು, ಅರ್ಧ ಹೆದರಿಕೆಗೆ, ಅರ್ಧ ಸಂತೋಷಕ್ಕೆ.

ಶಿಖರದ ಮೇಲೆ ಮಸಿಗಣ್ಣ ಕಾಯುತ್ತಿದ್ದ. "ಬರಿಗೈಲಿ ಬಂದ್ಯಾ?" ಎಂದು ನಕ್ಕ.

"ಕತೆ ತಂದಿದ್ದೀನಿ" ಎಂದಳು ಪದ್ಮಲೆ. "ಒಂದೂರಲ್ಲಿ ಒಬ್ಬ ಮಾಂತ್ರಿಕ ಇದ್ದ. ಇಡೀ ಲೋಕದಲ್ಲಿ ಅವನು ಒಬ್ಬರಿಗೆ ಮಾತ್ರ ಹೆದರ್ತಿದ್ದ."

"ಯಾರಿಗೆ?" ಎನ್ನುತ್ತ ಮಸಿಗಣ್ಣ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. ಎಷ್ಟೆಂದರೂ ಅವನೂ ಕಂಚುವಳ್ಳಿಯಲ್ಲೇ ಹುಟ್ಟಿದವನು. ಪದ್ಮಲೆ ಬಾಯಿ ಮುಚ್ಚಿಕೊಂಡಳು. ಅವನು ಏಳಲು ನೋಡಿದ. ಆಗಲಿಲ್ಲ.

"ಹಾಳೆ ಎಲ್ಲಿ?"

"ಪೆಟ್ಟಿಗೇಲಿದೆ, ತಗೋ" ಎಂದ, ಕೂತಲ್ಲೇ ಹಲ್ಲು ಕಡಿಯುತ್ತ. "ಅದರ ಅಕ್ಷರ ತೊಳೆದು ನನ್ನ ಕಣ್ಣಿಗೆ ಕಾಡಿಗೆ ಹಚ್ಕೊಂಡಿದ್ದೀನಿ."

ಹಾಳೆ ಬೋಳಾಗಿತ್ತು. ಹಕ್ಕಿಯ ಬೆನ್ನಮೇಲೆ ವಾಪಸಾಗುವಾಗ ಪದ್ಮಲೆ ಬಿಕ್ಕಿಬಿಕ್ಕಿ ಅತ್ತಳು.

ಅಂಗಳದಲ್ಲಿ ಬಾಚಲೆಯ ಸೊಂಟದವರೆಗೆ ತೊಗಟೆ ಬಂದಿತ್ತು. ಸೂರ್ಯ ಕೋಟೆಗೋಡೆಗೆ ತಾಗಿದ್ದ. ಪದ್ಮಲೆ ಬೋಳು ಹಾಳೆ ಹಿಡಿದು ನಿಂತಳು. ಇಷ್ಟು ಓದಿದ್ದಳು, ಒಂದು ಸಾಲನ್ನೂ ತಾನಾಗಿ ಹೇಳಿದವಳಲ್ಲ.

"ರಾಜಕುಮಾರ ಒಡೆದ ಹಂಡೆ ನೋಡಿ ಬಿಕ್ಕಿಬಿಕ್ಕಿ ಅತ್ತ" ಎಂದು ಶುರುಮಾಡಿದಳು. "ಅತ್ತು ಸಾಕಾಗಿ ಎದ್ದು ನಡೆದ. ಚಂದ್ರನ ಅಂಚಲ್ಲಿ ಒಂದು ಕಬ್ಬಿಣದ ಹಕ್ಕಿ ಇತ್ತು. ಕೊರಳಲ್ಲಿ ಹಿಡಿಕೆ. ಎಳೆದರೆ ಸಾವು ಅಂತ ಬರೆದಿತ್ತು. ಕೆಳಗೆ, ತುಂಬಾ ಕೆಳಗೆ, ಅವನ ತಂಗಿ ದಾರಿ ಕಾಯ್ತಿದ್ಳು. ಅವನು ಎಳೆದ. ಹಕ್ಕಿ ಬಿತ್ತು." ಅಂಗಳದ ತುಂಬ ಜನ ಪಕ್ಕದವರ ಕೈ ಹಿಡಿದುಕೊಂಡರು. ರಾಣಿ ಕಣ್ಣು ಮುಚ್ಚಿಕೊಂಡಳು. "ನಕ್ಷತ್ರಗಳನ್ನ ದಾಟಿ ಬಿತ್ತು, ಮೋಡಗಳನ್ನ ದಾಟಿ ಬಿತ್ತು. ಆಮೇಲೆ ರೆಕ್ಕೆ ಬಿಚ್ತು. ತಂಗಿ ತಲೆಯೆತ್ತಿ ನೋಡಿ, ಅಣ್ಣಾ ಅಂದ್ಳು."

ಮಂಡಿಗಳು ಸಡಿಲಾದವು. ಬೇರು ಕಳಚಿತು, ತೊಗಟೆ ಉದುರಿತು, ಊರಿಗೆ ಊರೇ ಎದ್ದು ನಿಂತಿತು. ಅತ್ತ ಶಿಖರದಲ್ಲಿ ಮಸಿಗಣ್ಣ "ಯಾರಿಗೆ? ಯಾರಿಗೆ?" ಎನ್ನುತ್ತಲೇ ಬೇರುಬಿಟ್ಟು ಜಾಲಿಮರವಾದ.

ಬಾಚಲೆ ಓಡಿಬಂದು ಅಕ್ಕನ ಸೊಂಟ ತಬ್ಬಿಕೊಂಡಳು. "ಪುಸ್ತಕದಲ್ಲೂ ಹೀಗೇ ಇತ್ತಾ?"

"ಗೊತ್ತಿಲ್ಲ ಕಣೆ" ಎಂದಳು ಪದ್ಮಲೆ. "ಇನ್ಮೇಲೆ ಹೀಗೇ ಇರುತ್ತೆ."

ಹಾಗೆಯೇ ಇತ್ತು. ಕಂಚುವಳ್ಳಿಯವರು ಅದನ್ನೇ ಓದಿದರು, ಅದನ್ನೇ ಕೇಳಿದರು, ಉಂಡುಟ್ಟು ಸುಖವಾಗಿದ್ದರು.