ಅಪ್ಪ ಪಾಲಿಶ್ ಮಾಡಿದ ಗೋಡೆ

“ಬುಡಬ್ಯಾಡ, ಬುಡಬ್ಯಾಡ! ಗಟ್ಟಿಯಾಗಿ ಇಡ್ಕೊ ಮಗಾ!”

ಅಪ್ಪ ಸ್ಟೂಲಿನ ಮೇಲೆ ನಿಂತು ಕೂಗಿದ. ಭವ್ಯ ಹಲಗೆಗೆ ಬೆನ್ನು ಕೊಟ್ಟು ಹಲ್ಲು ಕಚ್ಚಿ ನಿಂತಿದ್ದಳು. ಪಕ್ಕದ ಮನೆಯ ಮಿಸ್ಬಾ ಇನ್ನೊಂದು ತುದಿಯನ್ನು ಹಿಡಿದಿದ್ದಳು. ಹಿಡಿದಿದ್ದಳು ಅನ್ನುವುದಕ್ಕಿಂತ ಹಲಗೆಗೆ ಜೋತು ಬಿದ್ದಿದ್ದಳು ಅನ್ನುವುದೇ ಸರಿ.

ಕೊನೆಯ ಬೋಲ್ಟು ಕಿರ್ರೆಂದು ತೊಲೆಯೊಳಗೆ ಕೂತಿತು. ಅಪ್ಪ ಕೆಳಗೆ ಹಾರಿ, ಸೊಂಟದ ಮೇಲೆ ಕೈಯಿಟ್ಟು ನೋಡಿದ. ನಡುಮನೆಯ ಗೋಡೆಗೆ ನೆಲದಿಂದ ಅಟ್ಟದವರೆಗೂ ಹಲಗೆಗಳು. ಹಲಗೆಗಳ ತುಂಬ ಮುಷ್ಟಿಗಾತ್ರದ ಕಪ್ಪು ಕಲ್ಲುಗಳು. ಕೆಳಗೆ ಹುಲ್ಲು ತುಂಬಿದ ಗೋಣಿಚೀಲಗಳು.

“ಎಂಗದೆ?”

“ಸೂಪರ್ ಅಂಕಲ್!” ಅಂದಳು ಮಿಸ್ಬಾ. “ಚಾಮರಾಜನಗರದಲ್ಲಿ ಯಾರ ಮನೇಲೂ ಇಂಥದ್ದಿಲ್ಲ!”

“ಗುಂಡ್ಲುಪೇಟೇಲೂ ಇಲ್ಲ!” ಅಂದಳು ಭವ್ಯ.

“ಮೈಸೂರಲ್ಲೇ ಇರಾಕಿಲ್ಲ ಬುಡು,” ಅಂದ ಅಪ್ಪ. ಮೂವರಲ್ಲಿ ಹೆಚ್ಚು ಖುಷಿ ಯಾರಿಗೆ ಎಂದು ಹೇಳುವುದೇ ಕಷ್ಟವಾಗಿತ್ತು.

ಇದೆಲ್ಲ ಶುರುವಾದದ್ದು ಮಿಸ್ಬಾಳ ಮನೆಯ ಟೀವಿಯಿಂದ. ಯಾವುದೋ ದೇಶದ ಹುಡುಗಿಯೊಬ್ಬಳು ದೊಡ್ಡ ಹಾಲಿನೊಳಗೆ ಗೋಡೆಯನ್ನು ಹಲ್ಲಿಯಂತೆ ಹತ್ತುತ್ತಿದ್ದಳು. ಭವ್ಯ ಅದನ್ನು ನೋಡಿದ ದಿನ ಊಟವನ್ನೇ ಮರೆತಳು. ಹತ್ತುವುದರಲ್ಲಿ ಅವಳು ಮೊದಲೇ ಎತ್ತಿದ ಕೈ. ಹೋದ ವರ್ಷ ಸ್ಕೂಲಿನ ಕಾಂಪೌಂಡಿನಿಂದ ಬಿದ್ದು, ಆ ಎತ್ತಿದ ಕೈಯನ್ನೇ ಮುರಿದುಕೊಂಡು, ಕೊರಳಿಗೆ ನೇತುಹಾಕಿಕೊಂಡು ತಿರುಗಿದ್ದಳು. ಅಂದಿನಿಂದ ಹತ್ತುವ ಮಾತೆತ್ತಿದರೆ ಅವ್ವ ಸಾಸಿವೆಯಂತೆ ಸಿಡಿಯುತ್ತಿದ್ದಳು.

“ಎಂಗೂ ಹತ್ತದೆ ಬುಡಾಕಿಲ್ಲ ಇವ್ಳು. ಎಲ್ಲೋ ಹತ್ತಿ ಬೀಳೋ ಬದ್ಲು ನಮ್ ಕಣ್ಮುಂದೇನೇ ಹತ್ಲಿ,” ಎಂದು ಅಪ್ಪ ಅವ್ವನನ್ನು ಒಪ್ಪಿಸಿದ್ದ.

ಅವ್ವ ಒಪ್ಪಿದಳು. ಆದರೆ ಸುಮ್ಮನೆ ಒಪ್ಪಲಿಲ್ಲ. “ಹತ್ತೋವಾಗ ನಾನೂ ನಿಂತು ನೋಡ್ತೀನಿ. ಯಾರಿಗಾರ ಪೆಟ್ಟಾಯ್ತೋ, ಹಲಗೆ ಎಲ್ಲಾ ಒಲೆಗೆ!” ಅಂದಿದ್ದಳು. ಅವ್ವ ಅಂದಳು ಅಂದರೆ ಮುಗಿಯಿತು. ಅವಳ ಮಾತಿಗೆ ಆ ಮನೆಯಲ್ಲಿ ಅಪೀಲು ಇಲ್ಲ.

ಅಪ್ಪನಿಗೆ ಊರಾಚೆಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ. ಹಲಗೆಗಳು ಅಲ್ಲಿಯ ಮುರಿದ ಪೆಟ್ಟಿಗೆಗಳದ್ದು. ಕಲ್ಲುಗಳು ಬೇಡವೆಂದು ಎಸೆದ ಚೂರುಗಳು. ಮೇಸ್ತ್ರಿಯನ್ನು ಕೇಳಿ ಆರಿಸಿ ತಂದು, ಬೋಲ್ಟಿಗೆ ತೂತನ್ನೂ ಅಲ್ಲೇ ಕೊರೆದಿದ್ದ. ಮಧ್ಯಾಹ್ನ ಉಳಿದವರು ಉಂಡು ಮರದ ಕೆಳಗೆ ಅಡ್ಡಾದರೆ, ಅಪ್ಪ ಮಾತ್ರ ಮಗಳ ಕಲ್ಲುಗಳನ್ನು ಹಿಡಿದು ಮೆಷಿನ್ನಿನ ಮುಂದೆ ಕೂರುತ್ತಿದ್ದ. ಸಂಜೆ ಅವನ್ನು ಟವೆಲಿನಲ್ಲಿ ಸುತ್ತಿ ತರುತ್ತಿದ್ದ.

“ನೋಡು ಮಗಾ, ಎಂಗೆ ಒಳೀತದೆ! ಇದ್ರ ಮುಂದೆ ನಿಂತ್ಕೊಂಡು ತಲೆ ಬಾಚ್ಕೋಬೋದು!”

ನಿಜವಾಗಿಯೂ ಬಾಚಿಕೊಳ್ಳಬಹುದಿತ್ತು. ಒಂದೊಂದು ಕಲ್ಲೂ ಅಷ್ಟು ಚೆನ್ನಾಗಿ ಹೊಳೆಯುತ್ತಿತ್ತು.

“ಅವ್ವನ್ನ ಕರ್ಕೊಂಡು ಬತ್ತೀನಿ, ಇರಿ,” ಎಂದು ಅಪ್ಪ ಹಿತ್ತಲಿಗೆ ಓಡಿದ. ಮಿಸ್ಬಾ ಚಪ್ಪಲಿ ಬಿಡಲು ಬಾಗಿಲಿಗೆ ಹೋದಳು.

ಭವ್ಯಳಿಗೆ ತಡೆಯಲಾಗಲಿಲ್ಲ. ಎಟುಕಿದ ಒಂದು ಕಲ್ಲನ್ನು ಹಿಡಿದು ಮೈಯನ್ನು ಮೇಲಕ್ಕೆಳೆದಳು.

ಬೆರಳು ಜಾರಿತು.

ಕೈಯನ್ನು ಲಂಗಕ್ಕೆ ಒರೆಸಿಕೊಂಡು ಇನ್ನೊಂದನ್ನು ಹಿಡಿದಳು. ಅದೂ ಜಾರಿತು. ಅಯ್ಯೋ, ಇದನ್ನು ಹಿಡಿದು ಹತ್ತುವುದು ಹೇಗೆ?

ಅಷ್ಟರಲ್ಲಿ ಅಪ್ಪ ಬಂದ. ಬಂದವನೇ ಹೆಗಲ ಮೇಲಿನ ಟವೆಲು ತೆಗೆದು ಕಲ್ಲುಗಳ ಮೇಲಿನ ಧೂಳು ಒರೆಸತೊಡಗಿದ. ಅವನ ಮುಖದಲ್ಲಿ ಅಷ್ಟಗಲ ನಗು. ‘ಅಪ್ಪ, ಜಾರ್ತದೆ’ ಎಂಬ ಮಾತು ಭವ್ಯಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. ನನ್ನ ಕೈ ಬೆವರಿದೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು.

ಅವ್ವ ಸೆರಗಿಗೆ ಕೈ ಒರೆಸುತ್ತಾ ಬಂದು ನಿಂತಳು.

“ನಾನು ಫಸ್ಟ್! ನಾನು ಫಸ್ಟ್!” ಮಿಸ್ಬಾ ಓಡಿ ಬಂದಳು.

ಭವ್ಯ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ಮಿಸ್ಬಾ ಒಂದು ಕಲ್ಲಿನ ಮೇಲೆ ಕಾಲಿಟ್ಟಳು. ಇನ್ನೊಂದರ ಮೇಲೆ ಇಟ್ಟಳು. “ನೋಡೇ ಭವ್ಯಾ!” ಎಂದು ತಿರುಗಿದಳು, ಅಷ್ಟೇ. ಕೈ ಕಾಲು ಒಟ್ಟಿಗೇ ಜಾರಿ ಧೊಪ್ಪನೆ ಚೀಲಗಳ ಮೇಲೆ ಬಿದ್ದಳು. ಬೀಳುವಾಗ ಮೊಣಕೈ ಸ್ಟೂಲಿಗೆ ಬಡಿದು ಚರ್ಮ ಕಿತ್ತುಬಂತು.

ಮಿಸ್ಬಾಳ ಅಳು ಬೀದಿಯ ಕೊನೆಗೂ ಕೇಳುವಂತಿತ್ತು. ಅವ್ವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಾಯ ತೊಳೆದು ಅರಿಸಿನ ಹಚ್ಚಿದಳು. ಆಮೇಲೆ ಅಪ್ಪನ ಕಡೆ ನೋಡಿ ಒಂದೇ ಮಾತು ಅಂದಳು.

“ಒಲೆಗೆ.”

ಅಪ್ಪ ಸ್ಪ್ಯಾನರ್ ತೆಗೆದುಕೊಂಡು ಕೂತು, ನಟ್ಟು ಬಿಚ್ಚಿ ಮೊದಲನೇ ಕಲ್ಲನ್ನು ನೆಲಕ್ಕಿಟ್ಟ. ಆ ಅಷ್ಟಗಲದ ನಗು ಎಲ್ಲಿಗೆ ಹೋಯಿತೋ! ಭವ್ಯ ಅಪ್ಪನ ಹತ್ತಿರ ಹೋಗಿ ನಿಂತಳು. ಈಗಲೂ ಬಾಯಿ ಬಿಡದಿದ್ದರೆ ಗೋಡೆಯೂ ಹೋಗುತ್ತದೆ, ಹತ್ತುವಾಗ ತಿರುಗಿ ನೋಡಿದ್ದಕ್ಕೇ ಬಿದ್ದಳು ಎಂದು ತಪ್ಪೂ ಮಿಸ್ಬಾಳದ್ದೇ ಆಗುತ್ತದೆ.

“ಅಪ್ಪ, ಅವ್ಳ ತಪ್ಪಲ್ಲ. ಕಲ್ಲು ಜಾರ್ತವೆ.”

“ಆಂ?”

“ಬಾಳಾ ನುಣ್ಣಗವೆ. ಇಡ್ಕೊಳಕ್ಕೇ ಆಗಲ್ಲ. ನಂಗೆ ಮೊದ್ಲೇ ಗೊತ್ತಿತ್ತು.”

“ಗೊತ್ತಿದ್ದೂ ಆ ಮಗೀನ ಹತ್ತಕ್ಕೆ ಬುಟ್ಯಾ?”

ಅಪ್ಪ ಬೈಯಲಿಲ್ಲ, ಮೆಲ್ಲಗೇ ಕೇಳಿದ. ಅದಕ್ಕೇ ಭವ್ಯಳಿಗೆ ಹೆಚ್ಚು ನೋವಾಯಿತು.

“ನೀನು ರೆಸ್ಟೂ ಮಾಡ್ದೆ ಕೂತು ಪಾಲಿಶ್ ಮಾಡಿದ್ದೆ. ಏಳಿದ್ರೆ ನೀನು ಬೇಜಾರ್ ಮಾಡ್ಕೋತೀಯ ಅಂತ...” ಕಣ್ಣಿಂದ ನೀರು ಹೊರಟಿತು.

ಅಪ್ಪ ಎದ್ದು ಒಂದು ಕಲ್ಲನ್ನು ಹಿಡಿದು ಜಗ್ಗಿದ. ಕೈ ಸರ್ರನೆ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಆಮೇಲೆ ಸ್ಟೂಲಿನ ಮೇಲೆ ಕುಕ್ಕರಿಸಿ ಹಣೆ ಚಚ್ಚಿಕೊಂಡ.

“ಥೂ, ನನ್ ಬುದ್ಧಿಗಿಷ್ಟು! ಕಲ್ಲು ಅಂದ್ರೆ ನುಣ್ಣಗೆ ಮಾಡದೇ ಅಂತ ಈ ಕೈಗೆ ರೂಢಿ ಆಗೋಗದೆ. ನಿನ್ ಕೈ ತರಚ್ಬಾರ್ದು ಅಂತ ನೋಡ್ದೆ ಕಣಮ್ಮಿ. ಇಡ್ಕೊಂಡು ಹತ್ಬೇಕಲ್ಲಾ ಅಂತ ಒಳೀಲೇ ಇಲ್ಲ.”

“ಬೇಜಾರಾಯ್ತಾ ಅಪ್ಪ?”

“ಆಯ್ತು. ಆಗ್ದೆ ಇರ್ತದಾ?” ಅಂದ ಅಪ್ಪ. “ನನ್ ಬೇಜಾರು ರಾತ್ರಿ ಮುದ್ದೆ ಉಂಡ್ರೆ ಓಯ್ತದೆ. ಅವ್ಳ ಮೊಣಕೈ ವಾಸಿಯಾಗ್ಬೇಕಲ್ಲ.”

ಭವ್ಯ ಮಿಸ್ಬಾಳ ಹತ್ತಿರ ಹೋಗಿ ಕೂತಳು. “ಸಾರಿ ಕಣೆ.”

“ಗೊತ್ತಿದ್ದೂ ಹೇಳ್ಲಿಲ್ಲ! ಟೂ!” ಮಿಸ್ಬಾ ಮುಖ ತಿರುಗಿಸಿದಳು. ತಿರುಗಿಸಿದರೂ ಎದ್ದು ಹೋಗಲಿಲ್ಲ.

ಬಿಚ್ಚಿದ ಕಲ್ಲು ನೆಲದ ಮೇಲೆ ಬೋರಲಾಗಿ ಬಿದ್ದಿತ್ತು. ಭವ್ಯ ಅದನ್ನು ಎತ್ತಿಕೊಂಡಳು. ಪಾಲಿಶ್ ಆಗದ ಹಿಂಬದಿ ಒರಟಾಗಿತ್ತು. ಅಲ್ಲಿ ಬೆರಳು ಕಚ್ಚಿಕೊಂಡು ನಿಂತವು.

“ಅಪ್ಪ! ಇದ್ನ ತಿರುಗ್ಸಿ ಹಾಕ್ಬುಡು!”

ಅಪ್ಪ ಕಲ್ಲನ್ನು ತೆಗೆದುಕೊಂಡ. ಹೊಳೆಯುವ ಮುಖದ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದ. ಆಮೇಲೆ ಅದನ್ನು ಹಲಗೆಯ ಕಡೆಗೆ ಮಾಡಿ ಬೋಲ್ಟು ತೂರಿಸಿದ. “ಅರೆ! ಇಂಗೇ ಅಲ್ಲಾಡ್ದೆ ಕೂರ್ತದಲ್ಲಾ!” ಅವನ ದನಿಗೆ ಮತ್ತೆ ಹುರುಪು ಬಂತು.

ಅವ್ವ ಒಲೆಯ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು. “ಇನ್ನೊಂದೇ ಒಂದು ಸಲ,” ಅಂದಳು. ತಾನೇ ಸ್ಟೂಲನ್ನು ಎತ್ತಿ ಹಿತ್ತಲಿಗಿಟ್ಟು ಬಂದು, ಚೀಲಗಳನ್ನು ಗೋಡೆಗೆ ಒತ್ತರಿಸಿದಳು.

ಅಪ್ಪ ಕಲ್ಲು ಬಿಚ್ಚುವುದು, ಭವ್ಯ ತಿರುಗಿಸಿ ಕೊಡುವುದು, ಅಪ್ಪ ಬಿಗಿಯುವುದು. ಅರ್ಧ ಗೋಡೆ ಮುಗಿಯುವ ಹೊತ್ತಿಗೆ ಮಿಸ್ಬಾ ಟೂ ಬಿಟ್ಟಿದ್ದನ್ನು ಮರೆತು ನಟ್ಟುಗಳನ್ನು ಎತ್ತಿಕೊಡುತ್ತಿದ್ದಳು. ಹತ್ತುವ ಹೊತ್ತು ಬಂದಾಗ ಮಾತ್ರ ನೆನಪಾಯಿತು.

“ಈ ಸಲ ನೀನೇ ಫಸ್ಟ್. ಬಿದ್ರೂ ನೀನೇ ಬೀಳು!”

ಭವ್ಯ ಹತ್ತಿದಳು. ಕಲ್ಲು ಜಾರಲಿಲ್ಲ, ಗಟ್ಟಿಯಾಗಿ ಸಿಕ್ಕಿತು. ಒಂದು ಕಾಲು, ಒಂದು ಕೈ, ಇನ್ನೊಂದು ಕಾಲು. ಮಿಸ್ಬಾ ಕೆಳಗಿನಿಂದ, “ಎಡಗಡೆ ನೋಡೇ, ಎಡಗಡೆ!” ಎಂದು ಕುಣಿಯುತ್ತಿದ್ದಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಒರಟು ಕಲ್ಲು ಅಂಗೈಯನ್ನು ಉಜ್ಜಿ ಉಜ್ಜಿ ಕೆಂಪಗೆ ಮಾಡಿತ್ತು.

ಅಟ್ಟ ಇನ್ನೊಂದು ಮೊಳ ಇತ್ತು. ಅಪ್ಪ ಕೆಳಗೆ ಎರಡೂ ಕೈ ಚಾಚಿಕೊಂಡು ನಿಂತಿದ್ದ.

“ಕೈ ಉರೀತದಾ ಮಗಾ?”

ಇಲ್ಲ ಅನ್ನಲು ಭವ್ಯ ಬಾಯಿ ತೆರೆದಳು. ಕೆಳಗಿದ್ದ ಅಪ್ಪನ ಮುಖವನ್ನು ಒಂದು ಸಲ ನೋಡಿದಳು.

“ಬಾಳಾ ಉರೀತದೆ ಅಪ್ಪ!”

“ಇಳೀತೀಯಾ ಮತ್ತೆ?”

“ಊಹೂಂ!” ಎಂದು ಅವಳು ಅಟ್ಟದ ಅಂಚಿಗೆ ಕೈ ಹಾಕಿದಳು.